ಪಡಸಾಲೆಯಲ್ಲಿ ಹನ್ನೊಂದು ಗೆರೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಒಂದು ಡಿಜಿಟಲ್ ಪಿಯಾನೋ ಇದೆ, ಸಂಜೆ ಆರೇಳು ಮಕ್ಕಳು ಕಲಿಯಲು ಬರುತ್ತಾರೆ. ಮನ್ಸೂರರ, ಗಂಗೂಬಾಯಿಯವರ ಸೀಮೆ ಇದು. ಮಕ್ಕಳ ಕಿವಿ ಬಲು ಚುರುಕು. ನನಗೆ ತೊಂದರೆ ಆಗಿದ್ದೇ ಅದರಿಂದ. ಒಮ್ಮೆ ನುಡಿಸಿ ತೋರಿಸಿದರೆ ಸಾಕು, ಹಾಗೇ ನುಡಿಸಿಬಿಡುತ್ತಾರೆ. ಸ್ವರಗಳನ್ನು ಬರೆದ ಪುಸ್ತಕದ ಕಡೆ ಕಣ್ಣೇ ಹೋಗುವುದಿಲ್ಲ, ಅದನ್ನು ಓದಲು ಕಲಿಸುವುದೇ ಕಷ್ಟ.

ಮೊದಲು ಕಾರ್ಡ್ ಆಟ ಮಾಡಿದೆ. ನೋಟ್, ಅಂದರೆ ಬರೆದ ಸ್ವರ, ತೋರಿಸುವುದು, ಸಿ, ಡಿ, ಇ ಅಂತ ಅದರ ಹೆಸರು ಹೇಳಿಸುವುದು, ಗಡಿಯಾರ ನೋಡುವುದು. ಚುರುಕಾದವರು ಇನ್ನೂ ಚುರುಕಾದರು. ಏಳು ವರ್ಷದ ಒಬ್ಬ ಹುಡುಗನಿಗೆ ಮಾತ್ರ ಕಾರ್ಡ್ ತೆಗೆದ ಕೂಡಲೇ ನೀರಡಿಕೆ ಆಗುತ್ತಿತ್ತು! ಗೆದ್ದವರದ್ದೂ ಹೇಳಿಕೊಳ್ಳುವಂಥದ್ದೇನಲ್ಲ. ಬಾಯಿ 'ಜಿ' ಅನ್ನುತ್ತಿತ್ತು, ಬೆರಳು ಕೀಬೋರ್ಡಿನ ಮೇಲೆ ಜಿ ಎಲ್ಲಿದೆ ಅಂತ ಹುಡುಕುತ್ತಿತ್ತು. ಹೆಸರು ಬಂತು, ಓದು ಬರಲಿಲ್ಲ.

ಕಾರ್ಡ್ ಎತ್ತಿಟ್ಟು ಸುಣ್ಣದ ಕಡ್ಡಿ ಹಿಡಿದೆ. ಪಿಯಾನೋ ಪುಸ್ತಕದಲ್ಲಿ ನೋಟುಗಳನ್ನು ಅಡ್ಡಗೆರೆಗಳಲ್ಲೂ ಅವುಗಳ ನಡುವಿನ ಜಾಗದಲ್ಲೂ ಬರೆದಿರುತ್ತಾರೆ, ಅದನ್ನೇ ನೆಲಕ್ಕೆ ತಂದೆವು. ನೆಲದ ಮೇಲೆ ಒಂದೊಂದು ಅಡಿ ಬಿಟ್ಟು ಹನ್ನೊಂದು ಗೆರೆ ಎಳೆದೆವು. ನಟ್ಟನಡುವಿನದನ್ನು ಅಳಿಸಿ ಒಂದು ಚಿಕ್ಕ ತುಂಡು ಮಾತ್ರ ಉಳಿಸಿದೆವು. ಅದು ಮಿಡಲ್ ಸಿ, ಕೀಬೋರ್ಡಿನ ನಡುವಿನ ಸಿ ಸ್ವರ. ಮೇಲಿನ ಐದು ಬಲಗೈಗೆ, ಕೆಳಗಿನ ಐದು ಎಡಗೈಗೆ. ಹಂಚಿನ ಬಿಲ್ಲೆ ಎಸೆಯಬೇಕು. ಅದು ಬಿದ್ದ ಕಡೆ ನೋಡಿ, ಓಡಿಹೋಗಿ ಆ ಕೀಲಿ ಒತ್ತಬೇಕು. ಹೆಸರು ಹೇಳುವ ಹಂಗೇ ಇಲ್ಲ.

ಇಲ್ಲೇ ನನ್ನದೊಂದು ತಪ್ಪು ಗೊತ್ತಾಯಿತು. ನಾನು 'ಗೆರೆಯ ಮೇಲೆ' ಅನ್ನುತ್ತಿದ್ದೆ. ಮಕ್ಕಳು ಬಿಲ್ಲೆಯನ್ನು ಗೆರೆಗೆ ತಾಗಿಸಿ ಮೇಲುಗಡೆ ಇಡುತ್ತಿದ್ದರು. ಅವರದ್ದು ಸರಿಯೇ ಅಲ್ವಾ? ಶಾಲೆಯಲ್ಲಿ ಅಕ್ಷರ ಗೆರೆಯ ಮೇಲೆ ಕೂರುತ್ತದೆ. ಸಂಗೀತದಲ್ಲಿ ಗೆರೆ ನೋಟಿನ ಹೊಟ್ಟೆಯೊಳಗಿಂದ ಹಾಯುತ್ತದೆ. ಅಂದಿನಿಂದ ಗೆರೆ ಹಾಯುವ ನೋಟಿಗೆ 'ಪೋಣಿಸಿದ ಮಣಿ', ಎರಡು ಗೆರೆಗಳ ನಡುವಿನದಕ್ಕೆ 'ಕೋಣೆಯೊಳಗಿನ ಮಣಿ' ಅಂತ ಹೇಳತೊಡಗಿದೆ. ಎರಡೇ ದಿನಕ್ಕೆ ಆ ಗೊಂದಲ ಹೋಯಿತು.

ಆಮೇಲೆ ಚೌಕಾಬಾರದ ನಾಲ್ಕು ಕವಡೆ ತಂದೆ. ಗೆರೆಯೂ ಒಂದು ಮನೆ, ಕೋಣೆಯೂ ಒಂದು ಮನೆ. ಎಷ್ಟು ಬಿತ್ತೋ ಅಷ್ಟು ಮನೆ ಮೇಲೆ ಹತ್ತಬೇಕು, ಹತ್ತಿದ ಮೇಲೆ ನುಡಿಸಬೇಕು. ಮೊದಲ ದಿನವೇ ಜಗಳ. ಪಾಶ್ಚಾತ್ಯ ಪದ್ಧತಿಯಲ್ಲಿ ಸ್ವರದ ಅಂತರ ಎಣಿಸುವಾಗ ನಿಂತ ಮನೆಯೂ ಲೆಕ್ಕಕ್ಕೆ ಬರುತ್ತದೆ. ಒಂದು ಬಿದ್ದರೆ ಇದ್ದಲ್ಲೇ. "ನಿಂತ ಮನೀ ಯಾರರ ಎಣಸ್ತಾರೇನ್ರಿ ಟೀಚರ್?" ಅಂತ ಮಕ್ಕಳೆಲ್ಲ ಒಂದಾದರು. ಒಪ್ಪಿಸುವುದರಲ್ಲಿ ಸಾಕಾಯಿತು. ಒಪ್ಪಿದ ಮೇಲೆ ಆಟವೇ ಪಾಠ ಹೇಳಿತು. ಎರಡು ಬಿದ್ದರೆ ಗೆರೆಯಿಂದ ಕೋಣೆಗೆ. ಮೂರು ಬಿದ್ದರೆ ಗೆರೆಯಿಂದ ಗೆರೆಗೆ, ಬೆರಳೂ ನಡುವೆ ಒಂದು ಬಿಳಿ ಕೀಲಿ ಬಿಡುತ್ತದೆ. ನಾಲ್ಕೂ ಬೋರಲಾಗಿ ಎಂಟು ಬಿದ್ದ ದಿನ ಒಬ್ಬಳು ಕೆಳಗಿನ ಇ ಗೆರೆಯಿಂದ ಎಣಿಸಿಕೊಂಡು ಹೋಗಿ ಮೇಲಿನ ಕೋಣೆಯ ಇ ಒತ್ತಿ, "ಟೀಚರ್, ಅದೇ ಸ್ವರ ಐತ್ರಿ!" ಅಂತ ಕೂಗಿದಳು. ಎಂಟನೇ ಮನೆಗೆ ಅದೇ ಸ್ವರ ಮರಳುವುದಕ್ಕೆ ಆಕ್ಟೇವ್ ಅನ್ನುತ್ತಾರೆ ಅಂತ ನಾನು ಬೇರೆ ಹೇಳಲಿಲ್ಲ.

ಹಾಡಿನ ಕ್ಲಾಸಿಗೂ ಹೋಗುವವರಿಗೆ ಇನ್ನೊಂದು ತೊಡಕು. 'ಸಿ ಅಂದ್ರೆ ಸಾ' ಅಂತ ಕಲಿತುಬಿಡುತ್ತಾರೆ. ಅಲ್ಲಿ ಸಾ ಹಾಡುವವರ ಶ್ರುತಿಯ ಜೊತೆ ಜಾಗ ಬದಲಿಸುತ್ತದೆ, ಇಲ್ಲಿ ಸಿ ಕದಲುವುದಿಲ್ಲ. ಹಾರ್ಮೋನಿಯಂ ಮೇಲೆ ಅಮ್ಮನ ಸಾ ಎಲ್ಲಿದೆ, ಅಪ್ಪನದ್ದು ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಂಡು ಬರಲು ಹೇಳುತ್ತೇನೆ.

ನೀರಡಿಕೆಯ ಹುಡುಗ ಈಗ ಬಿಲ್ಲೆ ಎಸೆಯಲು ಎಲ್ಲರಿಗಿಂತ ಮುಂದೆ. ಎಡಗೈಯ ಗೆರೆಗಳಲ್ಲಿ ಇನ್ನೂ ಎಡವುತ್ತಾನೆ, ಬಲಗೈಯದ್ದೇ ಅಂತ ಓದಿಬಿಡುತ್ತಾನೆ. ಅದಕ್ಕೊಂದು ಆಟ ಹುಡುಕುತ್ತಿದ್ದೇನೆ.