ಎಂಟು ಜನ, ಒಂದು ದ್ವೀಪ, ಕೈಗೆಟುಕುವ ಖರ್ಚು: ಅಂಡಮಾನ್‌ಗೆ ಹೊರಡುವುದು ಹೇಗೆ?

ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಅಂಡಮಾನ್. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ನೋಟು ಬದಲಾಯಿಸುವ ಗೋಜಿಲ್ಲ. ಹವಳ, ನೀಲಿ ಸಮುದ್ರ, ತೆಂಗಿನ ತೋಪು, ದಟ್ಟ ಕಾಡು ಎಲ್ಲವೂ ಅಲ್ಲಿದೆ. ಆದರೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹುಟ್ಟಿದ ಅಂಡಮಾನ್ ಪ್ಲಾನ್ ಅಲ್ಲೇ ತಣ್ಣಗಾಗುವುದು ಜಾಸ್ತಿ. ಒಬ್ಬರು ರೆಸಾರ್ಟ್ ಲಿಂಕ್ ಹಾಕುತ್ತಾರೆ, ನಾಲ್ವರು ಸುಮ್ಮನಾಗುತ್ತಾರೆ. ಆ ನಾಲ್ವರಿಗೆ ಆಸೆ ಇಲ್ಲ ಅಂತಲ್ಲ. ಅಷ್ಟು ದುಡ್ಡು ಆಗಲ್ಲ ಎಂದು ಎಲ್ಲರೆದುರು ಹೇಳುವುದು ಹೇಗೆ ಎಂಬ ಸಂಕೋಚ. ಆದ್ದರಿಂದ ಪ್ಲಾನ್ ಶುರುವಾಗಬೇಕಾದದ್ದು ಜಾಗದಿಂದಲ್ಲ, ದುಡ್ಡಿನಿಂದ.

ಹೆಜ್ಜೆ 1: ಯಾರ ಕೈ ಬಿಗಿಯೋ ಅವರ ಲೆಕ್ಕಕ್ಕೆ ಪ್ಲಾನ್

ಗುಂಪಿನಲ್ಲಿ ಎಲ್ಲರಿಗೂ ನಂಬಿಕೆ ಇರುವ ಒಬ್ಬರನ್ನು ಆರಿಸಿ. ಪ್ರತಿಯೊಬ್ಬರೂ ಅವರಿಗೆ ಮಾತ್ರ, ಖಾಸಗಿಯಾಗಿ, ಒಂದೇ ಒಂದು ಮೊತ್ತ ಕಳಿಸಲಿ: ವಿಮಾನ, ಹಡಗು, ರೂಮು, ಊಟ, ಓಡಾಟ ಎಲ್ಲ ಸೇರಿ ನಾನು ಇಷ್ಟು ಕೊಡಬಲ್ಲೆ ಅಂತ. ಬಂದದ್ದರಲ್ಲಿ ಅತಿ ಕಡಿಮೆ ಮೊತ್ತವೇ ಇಡೀ ಗುಂಪಿನ ಬಜೆಟ್. ಅದು ಯಾರದ್ದು ಎಂದು ಆ ಒಬ್ಬರು ಯಾರಿಗೂ ಹೇಳಬಾರದು. ಜಾಸ್ತಿ ಇರುವವರು ಸ್ಕೂಬಾ (ಸಮುದ್ರದೊಳಗೆ ಮುಳುಗಿ ಈಜುವುದು), ಶಾಪಿಂಗ್‌ನಂಥದ್ದಕ್ಕೆ ತಮ್ಮ ಜೇಬಿನಿಂದ ಖರ್ಚು ಮಾಡಿಕೊಳ್ಳಲಿ. ಬೇಡ ಅಂದವರು ಯಾರ ಮುಂದೆಯೂ ಕಾರಣ ಕೊಡಬೇಕಾಗಿಲ್ಲ.

ಉದಾಹರಣೆಗೆ, ತಲೆಗೆ 30 ಸಾವಿರ ಎಂದು ನಿಂತಿತು ಅಂದುಕೊಳ್ಳಿ. ಎಂಟು ಜನಕ್ಕೆ 2 ಲಕ್ಷ 40 ಸಾವಿರ ಆಯಿತು. ಅದರಲ್ಲಿ 24 ಸಾವಿರ, ಅಂದರೆ ಹತ್ತನೇ ಒಂದು ಪಾಲು, ಪಕ್ಕಕ್ಕಿಡಿ. ಹವಾಮಾನ ಕೆಟ್ಟು ಒಂದು ರಾತ್ರಿ ಜಾಸ್ತಿ ಉಳಿಯಬೇಕಾದರೆ, ಯಾರಾದರೂ ಹುಷಾರು ತಪ್ಪಿದರೆ ಬೇಕಾಗುತ್ತದೆ. ಪ್ಲಾನ್ ಮಾಡುವುದು ಮಿಕ್ಕ 2 ಲಕ್ಷ 16 ಸಾವಿರಕ್ಕೆ.

ಕಡಿಮೆ ಮೊತ್ತ ತೀರಾ ಕಡಿಮೆ ಬಂದರೆ ಆ ಒಬ್ಬರನ್ನು ಬಿಟ್ಟು ಹೋಗುವ ಯೋಚನೆ ಬೇಡ. ಜಾಗ ಬದಲಿಸಿ. ಬೆಂಗಳೂರಿನಿಂದ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಅಥವಾ ಕೆಎಸ್‌ಆರ್‌ಟಿಸಿ ಬಸ್ ಹಿಡಿದರೆ ಉಡುಪಿ. ಅಲ್ಲಿಂದ ಮಲ್ಪೆ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಲಾವಾ ತಣಿದು ಕಂಬ ಕಂಬವಾಗಿ ನಿಂತ ಕಲ್ಲುಗಳ ದ್ವೀಪ ಅದು. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಅಷ್ಟು ನೆನಪಿರಲಿ. ಸ್ಕೂಬಾ ಬೇಕು ಅಂದರೆ ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪ ಇದೆ. ಎಂಟೂ ಜನ ಹೋದ ಉಡುಪಿ, ಆರೇ ಜನ ಹೋದ ಅಂಡಮಾನ್‌ಗಿಂತ ಚೆನ್ನ ಎಂಬುದು ನನ್ನ ನಂಬಿಕೆ.

ಜನ ಎಷ್ಟು ಅನ್ನುವುದೂ ಖರ್ಚಿನ ವಿಷಯವೇ. ಆರು ಅಥವಾ ಎಂಟು ಒಳ್ಳೆಯ ಸಂಖ್ಯೆ. ರೂಮಿಗೆ ಇಬ್ಬರಂತೆ ಸರಿಹೊಂದುತ್ತದೆ. ಬೆಸ ಸಂಖ್ಯೆಯಾದರೆ ಯಾರೋ ಒಬ್ಬರಿಗೆ ಪೂರ್ತಿ ರೂಮಿನ ಬಾಡಿಗೆ ಬೀಳುತ್ತದೆ, ಇಲ್ಲವೇ ಎಕ್ಸ್‌ಟ್ರಾ ಬೆಡ್ ಹಾಕಿಸಬೇಕು.

ಹೆಜ್ಜೆ 2: ತಾರೀಖು

ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಅಂಡಮಾನ್ ಕಡೆ ತಲೆ ಹಾಕಬೇಡಿ. ವಿಮಾನ, ರೂಮು, ಹಡಗು ಎಲ್ಲವೂ ದುಬಾರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅಕ್ಟೋಬರ್, ನವೆಂಬರ್‌ನಲ್ಲೂ ಹಿಂಗಾರು ಬಿಡುವುದಿಲ್ಲ. ನನ್ನ ಆಯ್ಕೆ ಫೆಬ್ರುವರಿ: ಗಣರಾಜ್ಯೋತ್ಸವದ ರಜೆಯ ರಶ್ಶು ಕರಗಿರುತ್ತದೆ, ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಹತ್ತಿರ ಬಂದಿರುವುದರಿಂದ ಮಕ್ಕಳಿರುವ ಮನೆಯವರು ಹೊರಡುವುದಿಲ್ಲ, ಸಮುದ್ರವೂ ಶಾಂತ. ಮಕ್ಕಳು ಜೊತೆಗಿದ್ದರೆ ಏಪ್ರಿಲ್ ಮೊದಲ ಭಾಗ. ಸೆಕೆ ಇದ್ದೇ ಇರುತ್ತದೆ.

ಶನಿವಾರ ಹೊರಟು ಭಾನುವಾರ ವಾಪಸ್ ಎಂಬ ಆಫೀಸಿನ ಲೆಕ್ಕ ಬಿಡಿ. ಮಂಗಳವಾರ ಅಥವಾ ಬುಧವಾರ ಹೊರಟರೆ ಟಿಕೆಟ್ ಅಗ್ಗಕ್ಕೆ ಸಿಗುವ ಸಾಧ್ಯತೆ ಜಾಸ್ತಿ.

ಹೆಜ್ಜೆ 3: ಟಿಕೆಟ್ ಹುಡುಕುವ ಕ್ರಮ

ಒಟ್ಟು ಖರ್ಚಿನ ದೊಡ್ಡ ಪಾಲು ವಿಮಾನಕ್ಕೇ ಹೋಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ಕೂತರೂ ನಷ್ಟವಿಲ್ಲ.

ವಿಮಾನ ಕಂಪನಿಗಳು ಎಲ್ಲ ಸೀಟನ್ನೂ ಒಂದೇ ದರಕ್ಕೆ ಮಾರುವುದಿಲ್ಲ. ಅಗ್ಗದ ದರಕ್ಕೆ ಇಂತಿಷ್ಟು, ಅದರ ಮೇಲಿನ ದರಕ್ಕೆ ಇಂತಿಷ್ಟು ಎಂದು ಹಂತ ಮಾಡಿರುತ್ತಾರೆ. ಅಗ್ಗದ ಹಂತದಲ್ಲಿ ಮೂರೇ ಸೀಟು ಉಳಿದಿದೆ ಅನ್ನಿ. ನೀವು ಒಂದೇ ಸಲಕ್ಕೆ ಎಂಟು ಕೇಳಿದರೆ ಸಾಮಾನ್ಯವಾಗಿ ಎಂಟಕ್ಕೂ ಮೇಲಿನ ದರವನ್ನೇ ತೋರಿಸುತ್ತದೆ. ಆ ಮೂರು ಅಗ್ಗದ ಸೀಟು ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಮೊದಲು ಒಬ್ಬರಿಗೆ ಹುಡುಕಿ, ದರ ಬರೆದುಕೊಳ್ಳಿ. ಆಮೇಲೆ ಎರಡು, ಮೂರು, ನಾಲ್ಕು ಎಂದು ಏರಿಸುತ್ತಾ ಹೋಗಿ. ಯಾವ ಸಂಖ್ಯೆಗೆ ದರ ಜಿಗಿಯಿತೋ ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯನ್ನು ಮೊದಲು ಬುಕ್ ಮಾಡಿ, ಉಳಿದವರನ್ನು ಇನ್ನೊಂದು ಬುಕಿಂಗ್‌ನಲ್ಲಿ ಸೇರಿಸಿ. ಉಳಿಸಿದ ದುಡ್ಡನ್ನು ಎಂಟು ಜನಕ್ಕೂ ಸಮವಾಗಿ ಹಂಚಿ. ಇವನದು ಅಗ್ಗ, ಅವಳದು ದುಬಾರಿ ಅನ್ನುವ ಮಾತು ಬರಬಾರದು.

ಬುಕ್ ಮಾಡುವ ಮೊದಲು ಒಂದು ಶೀಟ್ ತೆರೆಯಿರಿ. ಆಧಾರ್‌ನಲ್ಲಿ ಇರುವಂತೆಯೇ ಹೆಸರು, ವಯಸ್ಸು, ಗುರುತಿನ ಚೀಟಿ ನಂಬರ್, ಫೋನ್, ಸಸ್ಯಾಹಾರವೋ ಮಾಂಸಾಹಾರವೋ, ನಿತ್ಯದ ಮಾತ್ರೆ ಏನಾದರೂ ಇದೆಯೋ, ಇಷ್ಟು ಕಾಲಂ ಸಾಕು. ನಮ್ಮ ಕಡೆ ಹೆಸರಿನ ಹಿಂದೆಮುಂದೆ ಇನಿಷಿಯಲ್ ಇರುವವರು ಬಹಳ. ಟಿಕೆಟ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ತೊಂದರೆ ಬರಬಹುದು. ಹಡಗಿನ ಟಿಕೆಟ್‌ಗೂ ಇದೇ ವಿವರ ಬೇಕು. ಪ್ರತಿ ಸಲ ಎಂಟು ಜನರನ್ನು ಕೇಳುತ್ತಾ ಕೂರುವುದು ತಪ್ಪುತ್ತದೆ.

ಚೆನ್ನೈಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಹಾರಿದರೆ ಅಗ್ಗ ಎಂದು ಹೇಳುವವರಿದ್ದಾರೆ. ಟಿಕೆಟ್ ಮಟ್ಟಿಗೆ ಕೆಲವೊಮ್ಮೆ ನಿಜ. ಆದರೆ ಬೆಳಗಿನ ವಿಮಾನಕ್ಕಾಗಿ ಚೆನ್ನೈನಲ್ಲಿ ರಾತ್ರಿ ತಂಗಬೇಕಾದರೆ ಉಳಿದದ್ದೆಲ್ಲ ರೂಮಿಗೆ ಹೋಗುತ್ತದೆ. ಚೆನ್ನೈನಿಂದ ಹಡಗೂ ಇದೆ, ಮೂರು ದಿನದ ಹತ್ತಿರ ಹಿಡಿಯುತ್ತದೆ. ರಜೆ ಎಣಿಸುವವರಿಗೆ ಅದಲ್ಲ.

ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಮನೆಮನೆಯಿಂದ ಒಂದೊಂದು ಕ್ಯಾಬ್ ಹೊರಡುವುದು ದಂಡ. ಬನಶಂಕರಿಯವರು, ಮೆಜೆಸ್ಟಿಕ್ ಕಡೆಯವರು ಬಿಎಂಟಿಸಿಯ ವಾಯು ವಜ್ರ ಬಸ್ ಹತ್ತಬಹುದು. ಯಾವ ಟರ್ಮಿನಲ್ ಎಂದು ಟಿಕೆಟ್‌ನಲ್ಲಿ ನೋಡಿಕೊಳ್ಳಿ.

ಹೆಜ್ಜೆ 4: ದ್ವೀಪಗಳ ನಡುವಿನ ದಾರಿ

ಮೊದಲು ಹೆಸರುಗಳು, ಯಾಕೆಂದರೆ ಟಿಕೆಟ್‌ನಲ್ಲಿ ಹಳೆಯದು, ಹೊಸದು ಎರಡೂ ಕಾಣುತ್ತವೆ. ವಿಮಾನ ಇಳಿಯುವ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಎಂದು ಹೆಸರು. ಹ್ಯಾವ್‌ಲಾಕ್ ದ್ವೀಪ 2018ರಲ್ಲಿ ಸ್ವರಾಜ್ ದ್ವೀಪ್ ಆಯಿತು, ನೀಲ್ ದ್ವೀಪ ಶಹೀದ್ ದ್ವೀಪ್ ಆಯಿತು.

ಐದು ರಾತ್ರಿ ಇದ್ದರೆ ಹೀಗೆ ಹಂಚಿ: ಪೋರ್ಟ್ ಬ್ಲೇರ್‌ನಲ್ಲಿ ಒಂದು, ಹ್ಯಾವ್‌ಲಾಕ್‌ನಲ್ಲಿ ಎರಡು, ನೀಲ್‌ನಲ್ಲಿ ಒಂದು, ಕೊನೆಯದು ಮತ್ತೆ ಪೋರ್ಟ್ ಬ್ಲೇರ್‌ನಲ್ಲಿ. ಕೊನೆಯ ರಾತ್ರಿಯ ಮಾತು ಮಾತ್ರ ಸಡಿಲ ಮಾಡಬೇಡಿ. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ವಿಮಾನದ ದಿನ ಬೆಳಗ್ಗೆ ನೀವಿನ್ನೂ ನೀಲ್‌ನಲ್ಲಿದ್ದರೆ ಎಂಟು ಟಿಕೆಟ್ ನೀರುಪಾಲು.

ಹ್ಯಾವ್‌ಲಾಕ್‌ಗೆ ಎರಡು ಥರದ ಹಡಗು. ಖಾಸಗಿ ಹಡಗು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ಎಸಿ ಇರುತ್ತದೆ, ತಿಂಗಳ ಮೊದಲೇ ಬುಕ್ ಮಾಡಬಹುದು. ದರ ತಲೆಗೆ ಸಾವಿರ ದಾಟುತ್ತದೆ. ಸರ್ಕಾರಿ ಹಡಗು ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ. ನಿಧಾನ, ಆದರೆ ತುಂಬಾ ಅಗ್ಗ. ಅದು ದ್ವೀಪದ ಜನರ ದಿನನಿತ್ಯದ ಓಡಾಟಕ್ಕೆ ಇರುವ ಹಡಗು, ಆದ್ದರಿಂದ ಎಂಟು ಸೀಟು ಒಟ್ಟಿಗೆ ಸಿಗುತ್ತದೆಂಬ ಖಾತ್ರಿ ಇಲ್ಲ. ರಶ್ಶಿಲ್ಲದ ಫೆಬ್ರುವರಿಯಲ್ಲಿ ಒಂದು ಪ್ರಯಾಣಕ್ಕಾದರೂ ಪ್ರಯತ್ನಿಸಿ. ಡೆಕ್ ಮೇಲೆ ನಿಂತು ಗಾಳಿಗೆ ಮುಖವೊಡ್ಡಬಹುದು. ಹಡಗಿನ ಪಕ್ಕದಲ್ಲಿ ಹಾರುಮೀನುಗಳು ನೀರಿನಿಂದ ಚಿಮ್ಮಿ, ರೆಕ್ಕೆ ಬಿಚ್ಚಿ, ಅಲೆಯ ಮೇಲೆ ಒಂದಷ್ಟು ದೂರ ತೇಲಿ ಮತ್ತೆ ಮುಳುಗುವುದು ಕಾಣಿಸುತ್ತದೆ. ಎಸಿ ಹಡಗಿನ ಮುಚ್ಚಿದ ಗಾಜಿನೊಳಗೆ ಆ ಸುಖ ಇಲ್ಲ. ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಲಿ. ಹಡಗು ಹತ್ತುವ ಮೊದಲೇ ನುಂಗಬೇಕು, ಆಮೇಲಲ್ಲ.

ಬಾರಾಟಾಂಗ್‌ನ ಸುಣ್ಣದ ಕಲ್ಲಿನ ಗುಹೆಗೂ ಹೋಗೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಐದು ರಾತ್ರಿಯ ಪ್ರವಾಸದಲ್ಲಿ ಅದು ಬೇಡ. ನಸುಕಿನಲ್ಲೇ ಎದ್ದು ವಾಹನ ಮಾಡಿಕೊಂಡು ಹೋಗಬೇಕು, ಇಡೀ ದಿನ ಅದಕ್ಕೇ ಹೋಗುತ್ತದೆ. ಇನ್ನೂ ಮುಖ್ಯ ಕಾರಣವೆಂದರೆ ಆ ರಸ್ತೆ ಜಾರವಾ ಆದಿವಾಸಿಗಳ ಮೀಸಲು ಪ್ರದೇಶದ ನಡುವೆ ಹಾಯುತ್ತದೆ. ಬೆಂಗಾವಲಿನಲ್ಲೇ ವಾಹನಗಳನ್ನು ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅವರ ಮನೆಯಂಗಳದಲ್ಲಿ ನಮ್ಮ ಪ್ರವಾಸಿ ವಾಹನ ಒಂದು ಕಡಿಮೆಯಾದರೆ ಒಳ್ಳೆಯದೇ ಅಲ್ವಾ?

ಹೆಜ್ಜೆ 5: ರೂಮು, ಊಟ, ಓಡಾಟ

ರೆಸಾರ್ಟ್ ಬದಲು ಗೆಸ್ಟ್‌ಹೌಸ್, ಹೋಂಸ್ಟೇ ನೋಡಿ. ಬುಕ್ ಮಾಡುವ ಮೊದಲು ಫೋನ್ ಮಾಡಿ, ನಾಲ್ಕು ರೂಮು ಒಟ್ಟಿಗೆ ತೆಗೆದುಕೊಳ್ಳುತ್ತೇವೆ, ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ. ಗುಂಪಿಗೆ ಇರುವ ಬಲವೇ ಇದು. ಕರೆಂಟ್ ಹೋದರೆ ಜನರೇಟರ್ ಇದೆಯಾ, ಜೆಟ್ಟಿಯಿಂದ ಎಷ್ಟು ದೂರ ಎಂದೂ ಕೇಳಿ. ಟ್ರಾವೆಲ್ ಏಜೆಂಟ್ ಪ್ಯಾಕೇಜ್ ಕೊಟ್ಟರೆ ವಿಮಾನ, ಹಡಗು, ರೂಮು, ವಾಹನ ಬೇರೆ ಬೇರೆಯಾಗಿ ಬರೆದುಕೊಡಲು ಹೇಳಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಪ್ಯಾಕೇಜ್ ನಿಜಕ್ಕೂ ಅನುಕೂಲ, ಅದಕ್ಕೆ ಸ್ವಲ್ಪ ಜಾಸ್ತಿ ಕೊಡುವುದು ತಪ್ಪಲ್ಲ.

ಊಟದಲ್ಲಿ ಉಳಿಸಲು ಹೋಗಬೇಡಿ, ಅಲ್ಲಿ ಉಳಿಯುವುದು ಚಿಲ್ಲರೆ. ರೆಸಾರ್ಟ್‌ನಲ್ಲಿ ಕೂರದೆ ಮಾರ್ಕೆಟ್ ಕಡೆ ನಡೆದರೆ ಸಾಕು. ಬಂಗಾಳಿ ಕುಟುಂಬಗಳು ಬಹಳ ಇರುವುದರಿಂದ ಅನ್ನ, ಬೇಳೆ, ಪಲ್ಯ, ಮೀನಿನ ಸಾರು ಇರುವ ಥಾಲಿ ಸಿಗುತ್ತದೆ. ಸಸ್ಯಾಹಾರಿಗಳಿಗೂ ಕಷ್ಟವಿಲ್ಲ. ಬೆಳಗಿನ ಹಡಗಿಗೆ ಮಾತ್ರ ಮನೆಯ ಚಕ್ಕುಲಿ, ಕೋಡುಬಳೆ, ಗೊಜ್ಜವಲಕ್ಕಿ ಪುಡಿ ಬ್ಯಾಗಿನಲ್ಲಿರಲಿ.

ಹ್ಯಾವ್‌ಲಾಕ್‌ನಲ್ಲಿ ಲೈಸೆನ್ಸ್ ಇದ್ದವರಿಗೆ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ. ಎಂಟು ಜನಕ್ಕೆ ನಾಲ್ಕು ಸ್ಕೂಟರ್, ದಿನವಿಡೀ ಕಾರು ಇಟ್ಟುಕೊಳ್ಳುವುದಕ್ಕಿಂತ ಹಗುರ. ಹೆಲ್ಮೆಟ್ ಎಂಟೂ ಕೇಳಿ ತೆಗೆದುಕೊಳ್ಳಿ.

ಹೆಜ್ಜೆ 6: ಬೇಗ ಏಳಿ

ಅಂಡಮಾನ್ ನಮಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಬೆಳಗ್ಗೆ ಐದೂವರೆಗೆಲ್ಲ ಬೆಳಕು, ಫೆಬ್ರುವರಿಯಲ್ಲೂ ಸಂಜೆ ಆರರೊಳಗೆ ಕತ್ತಲು. ಹತ್ತಕ್ಕೆ ರೂಮಿನಿಂದ ಹೊರಬೀಳುವ ಗುಂಪು ದುಡ್ಡು ಕೊಟ್ಟ ದಿನದ ಅರ್ಧ ಕಳೆದುಕೊಳ್ಳುತ್ತದೆ. ಟೈಮ್ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚ್ ಎಂದು ಕರೆದ, ಹ್ಯಾವ್‌ಲಾಕ್‌ನ ರಾಧಾನಗರದಲ್ಲಿ ಸೂರ್ಯಾಸ್ತ ನೋಡಬೇಕೆಂದರೆ ನಾಲ್ಕಕ್ಕೇ ಅಲ್ಲಿರಿ.

ಸೆಲ್ಯುಲರ್ ಜೈಲಿಗೆ ಅವಸರದಲ್ಲಿ ಹೋಗಬೇಡಿ. 1906ರಲ್ಲಿ ಕಟ್ಟಿ ಮುಗಿಸಿದ ಈ ಸೆರೆಮನೆಗೆ ಏಳು ಸಾಲು ಕಟ್ಟಡಗಳಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಮುಂಭಾಗ ಇನ್ನೊಂದರ ಬೆನ್ನಿಗೆ ಮುಖ ಮಾಡಿದೆ. ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಎಂದೇ ಹಾಗೆ ಕಟ್ಟಿದ್ದು. ಒಂದು ಕೋಣೆಯೊಳಗೆ ನಿಂತು ಮೇಲಿನ ಸಣ್ಣ ಕಿಂಡಿ ನೋಡಿ. ಇಡೀ ಪ್ರವಾಸದಲ್ಲಿ ಅತಿ ಕಡಿಮೆ ಟಿಕೆಟ್‌ನ ಜಾಗಗಳಲ್ಲಿ ಇದೂ ಒಂದು.

ಸ್ಕೂಬಾ ಮಾಡುವವರು ಅದನ್ನು ಹ್ಯಾವ್‌ಲಾಕ್‌ನಲ್ಲೇ ಮುಗಿಸಿ. ನೀರಿನಿಂದ ಮೇಲೆ ಬಂದು ಕನಿಷ್ಠ 18 ಗಂಟೆ ವಿಮಾನ ಹತ್ತದಿರುವುದು ಕ್ಷೇಮ. ಆಳದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಆಸ್ತಮಾ, ಕಿವಿ ನೋವು ಇರುವವರು ಬೆಂಗಳೂರಿನಲ್ಲೇ ವೈದ್ಯರನ್ನು ಕೇಳಿ ಬನ್ನಿ. ಹವಳದ ಮೇಲೆ ಕಾಲಿಡಬೇಡಿ, ಅದು ಜೀವ. ಮೊಸಳೆಯ ಬೋರ್ಡ್ ಇದ್ದ ಕಡೆ ನೀರಿಗೆ ಇಳಿಯಲೇಬೇಡಿ.

ಹೆಜ್ಜೆ 7: ಲೆಕ್ಕ

ಹೊರಡುವ ಮೊದಲೇ ಎಲ್ಲರ ದುಡ್ಡೂ ಒಬ್ಬರ ಖಾತೆಗೆ ಬಂದಿರಲಿ. ಸಣ್ಣ ದ್ವೀಪಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಯುಪಿಐ ನಂಬಿ ಕೂರಬೇಡಿ, ಎಟಿಎಂ ಕೂಡ ಕಡಿಮೆ. ಪೋರ್ಟ್ ಬ್ಲೇರ್‌ನಲ್ಲೇ ನಗದು ತೆಗೆದು ಇಬ್ಬರ ಹತ್ತಿರ ಭಾಗ ಮಾಡಿಡಿ. ದಿನಾ ರಾತ್ರಿ ಊಟದ ನಂತರ ಅವತ್ತಿನ ಖರ್ಚನ್ನು ಶೀಟ್‌ಗೆ ಹಾಕಿ, ಎಲ್ಲರಿಗೂ ಓದಿ ಹೇಳಿ.

ವಾಪಸ್ ಬರುವ ಹಿಂದಿನ ರಾತ್ರಿ ಬ್ಯಾಗುಗಳನ್ನು, ಮುಖ್ಯವಾಗಿ ಮಕ್ಕಳ ಜೇಬುಗಳನ್ನು, ನೋಡಿಕೊಳ್ಳಿ. ಹವಳದ ತುಂಡು ಒಯ್ಯುವುದು ಕಾನೂನಿಗೆ ವಿರುದ್ಧ. ದಡದಲ್ಲಿ ಆಯ್ದ ಚಿಪ್ಪುಗಳನ್ನೂ ಅಲ್ಲೇ ಬಿಡಿ, ವಿಮಾನ ನಿಲ್ದಾಣದಲ್ಲಿ ತಪಾಸಣೆ ಇರುತ್ತದೆ. ಬೆಂಗಳೂರಿಗೆ ಬಂದ ವಾರದೊಳಗೆ ಬಿಲ್ಲುಗಳ ಫೋಟೊ ಗ್ರೂಪಿಗೆ ಹಾಕಿ. ಪಕ್ಕಕ್ಕಿಟ್ಟ 24 ಸಾವಿರದಲ್ಲಿ ಎಷ್ಟು ಉಳಿದಿದೆಯೋ ಅದನ್ನು ಎಂಟು ಪಾಲು ಮಾಡಿ ಅವರವರ ಖಾತೆಗೆ ವಾಪಸ್ ಕಳಿಸಿ.