ತೋಟದಂಚಿನ ‘ಅಕ್ರೋಟ್’ ಮರ: ನಾನು ಗುರುತು ಹಿಡಿಯುವ ಬಗೆ

ನಾನು ಶಿರಸಿ ಹತ್ತಿರ ಗಿಡ ಬೆಳೆಸಿ, ಕಸಿ ಕಟ್ಟಿ ಕೊಡುವ ಕೆಲಸ ಮಾಡುತ್ತೇನೆ. ‘ನಮ್ಮ ತೋಟದಲ್ಲಿ ಅಕ್ರೋಟ್ ಮರ ಇದೆ, ಕಾಯೂ ಬಿಡ್ತದೆ’ ಎಂದು ಆಗಾಗ ಯಾರಾದರೂ ಹೇಳುತ್ತಾರೆ. ಹೋಗಿ ನೋಡುತ್ತೇನೆ. ಇಲ್ಲಿಯವರೆಗೆ ನಾನು ನೋಡಿದ್ದೆಲ್ಲ ಒಂದೇ ಜಾತಿ, ಮತ್ತು ಅದು ನಿಜವಾದ ಅಕ್ರೋಟ್, ಅಂದರೆ ವಾಲ್ನಟ್ ಅಲ್ಲ. ಅದು ಕ್ಯಾಂಡಲ್‌ನಟ್ ಮರ. ಹರಳು, ರಬ್ಬರ್ ಇರುವ ಕುಟುಂಬಕ್ಕೆ ಸೇರಿದ್ದು. ಇದರ ಹಸಿ ಬೀಜ ತಿಂದರೆ ವಾಂತಿ, ಭೇದಿ ಶುರುವಾಗುತ್ತದೆ. ಮಕ್ಕಳಿರುವ ಮನೆಯವರಿಗೆ ಇದು ಗೊತ್ತಿರಲೇಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಜವಾದ ವಾಲ್ನಟ್ ಮರವನ್ನು ನಾನು ಕೈಯಾರೆ ಮುಟ್ಟಿ ನೋಡಿದ್ದು ಕಾಶ್ಮೀರದಲ್ಲಿ, ಸೆಪ್ಟೆಂಬರ್ ಕೊಯ್ಲಿನ ಹೊತ್ತಿಗೆ. ಅಲ್ಲಿ ಕಲಿತ ಮೊದಲ ಪಾಠ ಎಲೆಯದ್ದು. ಒಂದೇ ತೊಟ್ಟಿನಲ್ಲಿ ಸಾಮಾನ್ಯವಾಗಿ 5ರಿಂದ 9 ಕಿರುಎಲೆ ಇರುತ್ತವೆ. ತುದಿಯದ್ದು ಎಲ್ಲಕ್ಕಿಂತ ದೊಡ್ಡದು. ಬೆಳೆದ ಮರದಲ್ಲಿ ಎಲೆಯ ಅಂಚು ನುಣುಪು. ಸಸಿಯಲ್ಲಿ ಮಾತ್ರ ಸಣ್ಣಗೆ ಹಲ್ಲು ಕಾಣಬಹುದು. ಎಲೆ ಹಿಸುಕಿದರೆ ಘಾಟಿನ ಒಂದು ಪರಿಮಳ ಬರುತ್ತದೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ಇನ್ನೊಂದು ಗುರುತು ನನಗೆ ತುಂಬಾ ಇಷ್ಟ. ಎಳೆ ರೆಂಬೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಬೇಕು. ನಡುವಿನ ತಿರುಳು ಗಟ್ಟಿಯಾಗಿ ತುಂಬಿರುವುದಿಲ್ಲ. ಅಡ್ಡಡ್ಡ ತೆಳು ಪೊರೆ, ನಡುವೆ ಖಾಲಿ ಜಾಗ, ಮತ್ತೆ ಪೊರೆ. ಎಲೆ ಉದುರಿದ ಚಳಿಗಾಲದಲ್ಲೂ ಈ ಗುರುತು ಸಿಗುತ್ತದೆ. ತೊಗಟೆ ನೋಡಿ ಹೇಳುವುದು ಕಷ್ಟ, ಯಾಕೆಂದರೆ ಎಳೆಯ ಮರದಲ್ಲಿ ಅದು ನುಣುಪಾದ ಬೂದುಬಣ್ಣ, ವಯಸ್ಸಾದಂತೆ ಬಿರುಕು ಬಿಡುತ್ತದೆ. ನಾನು ಅದನ್ನು ಜಾಸ್ತಿ ನಂಬುವುದಿಲ್ಲ.

ಕಾಯಿಗೆ ಹಸಿರು ಹೊರಸಿಪ್ಪೆ ಇರುತ್ತದೆ. ಬಲಿತಾಗ ಅದು ಬಿರಿದು ಒಳಗಿನ ಕಾಯಿ ಬೀಳುತ್ತದೆ. ನಮ್ಮಲ್ಲಿ ಹಸಿ ಅಡಕೆ ಸುಲಿದವರ ಕೈಗೆ ಚೊಗರು ಹತ್ತುತ್ತದಲ್ಲ, ಹಾಗೆಯೇ ಈ ಸಿಪ್ಪೆಯೂ ಬೆರಳನ್ನು ಕಪ್ಪಗೆ ಮಾಡುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಒಳಗಿನ ಚಿಪ್ಪಿಗೆ ಸುತ್ತಲೂ ಒಂದು ಹೊಲಿಗೆಯಂಥ ಗೆರೆ ಇದೆ. ಅಲ್ಲಿ ಮೀಟಿದರೆ ಎರಡು ಹೋಳು. ತಿರುಳು ಸುಕ್ಕುಸುಕ್ಕು.

ಈಗ ನಮ್ಮ ತೋಟದ ಮರಕ್ಕೆ ಬನ್ನಿ. ಕ್ಯಾಂಡಲ್‌ನಟ್‌ನಲ್ಲಿ ಒಂದು ತೊಟ್ಟಿಗೆ ಒಂದೇ ಎಲೆ. ಅರ್ಧ ವಿಚಾರಣೆ ಇಲ್ಲಿಗೇ ಮುಗಿಯಿತು. ಎಳೆಯ ಗಿಡದಲ್ಲಿ ಆ ಎಲೆ ಮೂರೋ ಐದೋ ಭಾಗವಾಗಿ ಸೀಳಿರುತ್ತದೆ, ದೊಡ್ಡ ಮರದಲ್ಲಿ ಸೀಳಿಲ್ಲದ ಎಲೆಗಳೇ ಹೆಚ್ಚು. ತೊಟ್ಟು ಎಲೆಗೆ ಸೇರುವ ಜಾಗದಲ್ಲಿ ಎರಡು ಪುಟ್ಟ ಗ್ರಂಥಿಗಳಿವೆ. ಬೆರಳಿಟ್ಟು ನೋಡಿ, ಸಿಗುತ್ತವೆ. ಚಿಗುರಿನ ಮೇಲೆ ಹಿಟ್ಟು ಉದುರಿಸಿದಂಥ ಬಿಳಿ ರೋಮ ಇರುವುದರಿಂದ ದೂರದಿಂದಲೇ ಮರದ ನೆತ್ತಿ ಬೆಳ್ಳಗೆ ಕಾಣುತ್ತದೆ. ಕಾಯಿಯೊಳಗೆ ಒಂದೋ ಎರಡೋ ಬೀಜ. ಚಿಪ್ಪು ಕಲ್ಲಿನಷ್ಟು ಗಟ್ಟಿ, ಗೆರೆ ಇಲ್ಲ. ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಹವಾಯಿ ದ್ವೀಪದವರು ಇದರ ಬೀಜಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ದೀಪದ ಹಾಗೆ ಹಚ್ಚುತ್ತಿದ್ದರು. ಇಂಡೋನೇಷ್ಯಾದಲ್ಲಿ ಅಡುಗೆಗೂ ಬಳಸುತ್ತಾರೆ, ಆದರೆ ಹುರಿದು ಅಥವಾ ಬೇಯಿಸಿ. ಹಸಿಯಾಗಿ ಯಾವತ್ತೂ ಅಲ್ಲ.

ಕೆಲವರು ಅಮಟೆ ಸಸಿಯನ್ನೂ ವಾಲ್ನಟ್ ಎಂದು ತಂದು ತೋರಿಸಿದ್ದುಂಟು. ಅದಕ್ಕೂ ಕಿರುಎಲೆಗಳಿವೆ, ಹಾಗಾಗಿ ಅನುಮಾನ ಬರುವುದು ಸಹಜ. ಎಲೆ ಹಿಸುಕಿ ಮೂಸಿದರೆ ಮಾವಿನಕಾಯಿಯ ಹುಳಿ ವಾಸನೆ. ಅಷ್ಟೇ ಸಾಕು.

‘ಹಾಗಾದ್ರೆ ನಿಜವಾದ ವಾಲ್ನಟ್ಟೇ ಹಾಕೋಣ ಅಲ್ವಾ?’ ಎಂದು ಕೇಳುತ್ತಾರೆ. ಹಾಕಬೇಡಿ ಎನ್ನುತ್ತೇನೆ. ಈ ಮರ ಎಲೆ ಉದುರಿಸಿ ಮಲಗಬೇಕು. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ನೂರಾರು ಗಂಟೆ ಕಳೆಯಬೇಕು. ಆಮೇಲೇ ಮೊಗ್ಗು ಸರಿಯಾಗಿ ಒಡೆಯುತ್ತದೆ. ಕಾಶ್ಮೀರ, ಹಿಮಾಚಲ, ಉತ್ತರಾಖಂಡದಲ್ಲಿ ಅಂಥ ಚಳಿ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ ಅಷ್ಟೇ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಸಾಲದು. ಕಾರವಾರ, ಅಂಕೋಲಾ ಕಡೆ ಅಂತೂ ಕೇಳುವುದೇ ಬೇಡ. ಬೀಜ ಮೊಳೆಸಬಹುದು. ಫ್ರಿಜ್ಜಿನಲ್ಲಿ ಒದ್ದೆ ಮರಳಿನೊಳಗೆ ಎರಡು ಮೂರು ತಿಂಗಳು ಇಟ್ಟು ನಾನೂ ಮೊಳೆಸಿದ್ದೇನೆ, ಎಲೆ, ರೆಂಬೆ ಹತ್ತಿರದಿಂದ ನೋಡಲೆಂದು. ಫಸಲಿನ ಆಸೆಗೆ ದುಡ್ಡು ಸುರಿಯುವುದು ಮಾತ್ರ ಬೇಡ. ಆ ಜಾಗಕ್ಕೆ ಘಟ್ಟದ ಮೇಲಾದರೆ ಜಾಯಿಕಾಯಿ, ಕರಾವಳಿಯಾದರೆ ಗೇರು ಹಾಕಿ.

ಈಗಾಗಲೇ ಕ್ಯಾಂಡಲ್‌ನಟ್ ಮರ ಇದ್ದರೆ ಸುಮ್ನೆ ಕಡಿಯಬೇಡಿ. ಒಳ್ಳೆಯ ನೆರಳು ಕೊಡುತ್ತದೆ. ಕೆಳಗೆ ಬಿದ್ದ ಕಾಯಿಗಳನ್ನು ಆಗಾಗ ಹೆಕ್ಕಿ ತೆಗೆಯಿರಿ, ಮನೆಯ ಮಕ್ಕಳಿಗೂ ಕೆಲಸಕ್ಕೆ ಬರುವವರಿಗೂ ಇದನ್ನು ತಿನ್ನಬಾರದೆಂದು ಮೊದಲೇ ಹೇಳಿಡಿ. ಅನುಮಾನ ಇದ್ದವರು ನನ್ನ ಹತ್ತಿರ ಬರುವಾಗ ಬರೀ ಕಾಯಿ ತರಬೇಡಿ. ತೊಟ್ಟು ಸಮೇತ ಎಲೆ ಇರುವ ಒಂದು ರೆಂಬೆಯೂ ಜೊತೆಗಿರಲಿ.