ಜಾಹೀರಾತು ನಮ್ಮನ್ನು ಒಪ್ಪಿಸುವುದು ಹೇಗೆ? ಬಿಡಿಸಿ ನೋಡುವ ಬಗೆ

ಟಿ.ವಿ. ಜಾಹೀರಾತು ಅರ್ಧ ನಿಮಿಷ ಇದ್ದರೆ ಜಾಸ್ತಿ. ಅಷ್ಟರಲ್ಲೇ ನಮ್ಮ ಮನಸ್ಸು ಒಂದು ಕಡೆ ವಾಲಿರುತ್ತದೆ. ಯಾಕೆ ವಾಲಿತು ಎಂದರೆ ಥಟ್ಟನೆ ಹೇಳಲು ಬರುವುದಿಲ್ಲ. ಇದನ್ನು ಹೇಳಲು ಕಲಿಯುವುದು ಕಷ್ಟದ ಕೆಲಸವಲ್ಲ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಅಭ್ಯಾಸಕ್ಕೆ ಒಂದು ಹಳೆಯ ಜಾಹೀರಾತು ತೆಗೆದುಕೊಳ್ಳೋಣ. 1980ರ ದಶಕದಲ್ಲಿ ದೂರದರ್ಶನ ನೋಡಿದವರಿಗೆ ಸರ್ಫ್ ಪುಡಿಯ ಲಲಿತಾಜಿ ನೆನಪಿರುತ್ತಾರೆ. ಆ ಪಾತ್ರ ಮಾಡಿದವರು ಕವಿತಾ ಚೌಧರಿ. ಜಾಹೀರಾತಿನ ಹಿಂದಿದ್ದವರು ಲಿಂಟಾಸ್ ಸಂಸ್ಥೆಯ ಅಲೀಕ್ ಪದಮ್ಸೀ. ಆಗ ಗುಜರಾತಿನ ನಿರ್ಮಾ ಪುಡಿ ಕಡಿಮೆ ಬೆಲೆಯಿಂದಲೇ ಮನೆಮನೆ ಸೇರಿಬಿಟ್ಟಿತ್ತು. ಬೆಲೆಯಲ್ಲಿ ಸರ್ಫ್ ಅದಕ್ಕೆ ಸಾಟಿಯಾಗುವಂತಿರಲಿಲ್ಲ. ದುಬಾರಿ ಪುಡಿಯನ್ನು ಲೆಕ್ಕಾಚಾರದ ಗೃಹಿಣಿಗೆ ಮಾರುವುದು ಹೇಗೆ? ಲಲಿತಾಜಿ ಹುಟ್ಟಿದ್ದು ಈ ಪ್ರಶ್ನೆಯಿಂದ.

ಮೊದಲ ಹೆಜ್ಜೆ ನೋಡುವುದು, ಅದೂ ಮೂರು ಸಲ. ಮೊದಲ ಸಲ ಸುಮ್ನೆ ನೋಡಿ, ಮನಸ್ಸಿಗೆ ಏನನ್ನಿಸಿತೋ ಅದನ್ನು ಒಂದೇ ಸಾಲಿನಲ್ಲಿ ಬರೆದಿಡಿ. ಎರಡನೇ ಸಲ ಸದ್ದು ಪೂರ್ತಿ ನಿಲ್ಲಿಸಿ. ಮೂರನೇ ಸಲ ಪರದೆ ನೋಡದೆ ಬರೀ ಕೇಳಿ. ಚಿತ್ರವೇ ಕೆಲಸ ಮಾಡಿದ್ದೆಲ್ಲಿ, ಮಾತು ಮಾಡಿದ್ದೆಲ್ಲಿ, ಸಂಗೀತ ಮಾಡಿದ್ದೆಲ್ಲಿ ಎಂಬುದು ಆಗ ಬೇರೆ ಬೇರೆಯಾಗಿ ಕಾಣುತ್ತದೆ. ಎಷ್ಟೋ ಜಾಹೀರಾತುಗಳಲ್ಲಿ ಸಂಗೀತ ತೆಗೆದರೆ ಉಳಿಯುವುದು ತೀರಾ ಸ್ವಲ್ಪ.

ಆಮೇಲೆ ಕೇಳಬೇಕಾದದ್ದು: ಮಾತಾಡುತ್ತಿರುವವರು ಯಾರು? ಇವರನ್ನೇ ಯಾಕೆ ನಿಲ್ಲಿಸಿದ್ದಾರೆ? ಮಾತು ಒಪ್ಪಿಸುವುದು ಮೂರು ದಾರಿಯಲ್ಲಿ ಎಂದು ಗ್ರೀಸಿನ ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ವಿಂಗಡಿಸಿದ್ದ. ಮಾತಾಡುವವರ ಮೇಲಿನ ನಂಬಿಕೆ ಒಂದು, ಕೇಳುವವರ ಭಾವನೆ ಇನ್ನೊಂದು, ಮಾತಿನೊಳಗಿನ ತರ್ಕ ಮತ್ತೊಂದು. ಲಲಿತಾಜಿ ಸಿನಿಮಾ ತಾರೆಯಲ್ಲ, ಕೋಟು ತೊಟ್ಟ ಡಾಕ್ಟರೂ ಅಲ್ಲ. ಪೈಸೆ ಪೈಸೆಗೂ ಚೌಕಾಸಿ ಮಾಡುವ, ಯಾರೂ ಯಾಮಾರಿಸಲಾಗದ ಮಧ್ಯಮ ವರ್ಗದ ಹೆಂಗಸು. ತಮ್ಮ ತಾಯಿಯೇ ಈ ಪಾತ್ರಕ್ಕೆ ಪ್ರೇರಣೆ ಎಂದು ಪದಮ್ಸೀ ಹೇಳಿಕೊಂಡಿದ್ದರು. ಇಂಥವರೇ ಜಾಸ್ತಿ ದುಡ್ಡು ಕೊಟ್ಟು ಸರ್ಫ್ ಕೊಳ್ಳುತ್ತಾರೆ ಎಂದರೆ ಅದರಲ್ಲಿ ಏನೋ ಇರಲೇಬೇಕು ಅಲ್ವಾ? ನೋಡುವವರು ಅಷ್ಟನ್ನು ತಾವೇ ಅಂದುಕೊಳ್ಳುತ್ತಾರೆ.

ಭಾವನೆಯ ಕಡೆಗೆ ಬನ್ನಿ. ಈ ಜಾಹೀರಾತು ಯಾರನ್ನೂ ಅಳಿಸುವುದಿಲ್ಲ, ಹೆದರಿಸುವುದಿಲ್ಲ. 'ನೀವು ಜಾಣರು' ಎನ್ನುತ್ತದೆ, ಅಷ್ಟೇ. ಸರ್ಫ್ ಕೊಳ್ಳುವುದೇ ಜಾಣತನ ಎಂಬುದೇ ಅದರ ಕೊನೆಯ ಮಾತು. ಹೊಗಳಿಕೆ ತುಂಬ ಮೆತ್ತಗೆ ಕೆಲಸ ಮಾಡುತ್ತದೆ. ಹೊಗಳಿಸಿಕೊಂಡವರಿಗೆ ತಮ್ಮನ್ನು ಒಪ್ಪಿಸುತ್ತಿದ್ದಾರೆ ಎಂದೇ ಅನ್ನಿಸುವುದಿಲ್ಲ.

ಇನ್ನು ತರ್ಕ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎನ್ನುತ್ತಾರೆ ಲಲಿತಾಜಿ. ಈ ಒಂದು ಮಾತಿನಿಂದ ಅಳತೆಯೇ ಬದಲಾಗಿಬಿಟ್ಟಿತು ನೋಡಿ. ಅಂಗಡಿಯಲ್ಲಿ ನಾವು ನೋಡುತ್ತಿದ್ದದ್ದು ಕಿಲೋಗೆ ಎಷ್ಟು ರೂಪಾಯಿ ಅಂತ. ಈಗ ನೋಡಬೇಕಾದದ್ದು ಎಷ್ಟು ಬಟ್ಟೆಗೆ ಎಷ್ಟು ಖರ್ಚು ಅಂತ. ಸೋಲುವ ಲೆಕ್ಕ ಬಿಟ್ಟು ಗೆಲ್ಲಬಹುದಾದ ಲೆಕ್ಕಕ್ಕೆ ನಮ್ಮನ್ನು ಕರೆದೊಯ್ದರು. ಅಗ್ಗದ ವಸ್ತುವೇ ಬೇರೆ, ಒಳ್ಳೆಯ ವಸ್ತುವೇ ಬೇರೆ ಎಂಬ ಅವರ ಇನ್ನೊಂದು ಮಾತನ್ನೂ ಗಮನಿಸಿ. ಅಗ್ಗವೂ ಆಗಿ ಒಳ್ಳೆಯದೂ ಆಗಿರುವ ವಸ್ತುವಿಗೆ ಅದರಲ್ಲಿ ಜಾಗವೇ ಇಲ್ಲ. ಅಷ್ಟಾದರೂ ಇದು ನನ್ನ ಮಟ್ಟಿಗೆ ಮರ್ಯಾದಸ್ಥ ಜಾಹೀರಾತು. ಅರ್ಧ ಕಿಲೋ ಒಂದು ಕಿಲೋಗೆ ಸಮವೇ ಎಂಬುದನ್ನು ಎರಡು ಬಕೆಟ್ ಇಟ್ಟು ಮನೆಯಲ್ಲೇ ಪರೀಕ್ಷಿಸಬಹುದು.

ಇದರ ಪಕ್ಕದಲ್ಲಿ ಬಿಳಿ ಬಣ್ಣ ಮಾರುವ ಕ್ರೀಮುಗಳ ಹಳೆಯ ಜಾಹೀರಾತುಗಳನ್ನು ಇಟ್ಟು ನೋಡಿ. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ. ಕ್ರೀಮು ಹಚ್ಚಿದ ಮೇಲೆ ಎರಡೂ ಸಿಗುತ್ತವೆ. ಇದನ್ನು ಯಾವ ಬಕೆಟ್ಟಿನಲ್ಲೂ ಪರೀಕ್ಷಿಸಲಾಗದು. ಮೊದಲು ನಾಚಿಕೆ ಹುಟ್ಟಿಸುವುದು, ಆಮೇಲೆ ಅದಕ್ಕೆ ಮದ್ದು ಮಾರುವುದು. ಎಷ್ಟು ಹೆಣ್ಣುಮಕ್ಕಳು ಇದನ್ನು ನೋಡುತ್ತಾ ಬೆಳೆದರು ಎಂದು ನೆನೆದರೆ ಸಂಕಟವಾಗುತ್ತದೆ. ಕಪ್ಪು ಬಣ್ಣದವರನ್ನು ದುಃಖಿಗಳಂತೆ, ಕೀಳಾಗಿ ತೋರಿಸಬಾರದು ಎಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ ನಿಯಮ ತಂದದ್ದು 2014ರಲ್ಲಿ.

ಹಾಗಾಗಿ ಯಾವ ಜಾಹೀರಾತು ನೋಡಿದರೂ ಈ ಎರಡು ಪ್ರಶ್ನೆ ಕೇಳಿ: ಹೇಳಿದ್ದನ್ನು ನಾನು ಪರೀಕ್ಷಿಸಬಹುದೇ? ನನ್ನನ್ನು ಜಾಣ ಎನ್ನುತ್ತಿದೆಯೋ, ಕಡಿಮೆಯವನು ಎನ್ನುತ್ತಿದೆಯೋ? ಸಂಖ್ಯೆ ಕಂಡರೆ ಇನ್ನೊಂದನ್ನೂ ಸೇರಿಸಿ. 'ಶೇ 30ರಷ್ಟು ಹೆಚ್ಚು' ಎಂದರೆ ಯಾವುದಕ್ಕಿಂತ ಹೆಚ್ಚು? '50 ಪರ್ಸೆಂಟ್‌ವರೆಗೆ ರಿಯಾಯಿತಿ' ಎಂಬಲ್ಲಿ 'ವರೆಗೆ' ಎಂಬುದನ್ನು ಎಷ್ಟು ಸಣ್ಣಗೆ ಬರೆದಿದ್ದಾರೆ?

ಬರಹಕ್ಕೂ ಇದೇ ದಾರಿ, ನೋಡಬೇಕಾದ ಜಾಗ ಮಾತ್ರ ಬೇರೆ. ಸುದ್ದಿ ಓದುವಾಗ ಕ್ರಿಯಾಪದದ ಮೇಲೆ ಕಣ್ಣಿಡಿ. 'ಪೊಲೀಸರು ಲಾಠಿಯಿಂದ ಹೊಡೆದರು' ಎನ್ನುವುದಕ್ಕೂ 'ಲಘು ಲಾಠಿ ಪ್ರಹಾರ ನಡೆಯಿತು' ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಹೊಡೆದವರೂ ಇಲ್ಲ, ಪೆಟ್ಟು ತಿಂದವರೂ ಇಲ್ಲ. ಭಾಷಣವಾದರೆ ಯಾವ ಮಾತು ಮತ್ತೆ ಮತ್ತೆ ಬರುತ್ತದೆ ಎಂದು ಎಣಿಸಿ. 'ಕಳಬೇಡ ಕೊಲಬೇಡ' ವಚನವನ್ನೇ ನೋಡಿ. ಏಳು 'ಬೇಡ'ಗಳು ಒಂದರ ಹಿಂದೆ ಒಂದು. ಅವು ಮುಗಿದ ಮೇಲೆ ಮೂರು ಸಲ 'ಇದೇ'. ಬೇಡ ಬೇಡ ಎಂದು ಕೇಳಿ ಹಾಗಾದರೆ ಬೇಕಾದದ್ದೇನು ಎಂದು ಕಿವಿ ಕಾಯುವಾಗ ಬಸವಣ್ಣನವರು ಉತ್ತರ ಕೊಡುತ್ತಾರೆ. ಒಪ್ಪಿಸುವ ಕಲೆಯೆಲ್ಲ ಮೋಸವೇ ಎಂದುಕೊಳ್ಳುವವರಿಗೆ ನಾನು ತೋರಿಸುವುದು ಇದನ್ನೇ.

ಸಿನಿಮಾದಲ್ಲಿ ಒಪ್ಪಿಸುವ ಕೆಲಸದ ದೊಡ್ಡ ಪಾಲು ಎಡಿಟಿಂಗಿನದು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ನಟನೊಬ್ಬನ ಭಾವವಿಲ್ಲದ ಮುಖ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವಂತೆ. ನೀವು ಒಂದು ದೃಶ್ಯ ಆರಿಸಿಕೊಂಡು ಪ್ರತಿ ಶಾಟ್‌ಗೂ ತಡೆದು ನಿಲ್ಲಿಸಿ. ಮುಖದ ಹಿಂದೆ ಮುಂದೆ ಏನು ಇಟ್ಟಿದ್ದಾರೆ? ಕ್ಯಾಮೆರಾ ಯಾರನ್ನು ಕೆಳಗಿನಿಂದ ನೋಡುತ್ತಿದೆ, ಯಾರನ್ನು ಮೇಲಿನಿಂದ? ಯಾರ ಅಳು ಹತ್ತಿರದಿಂದ ಕಾಣುತ್ತದೆ, ಯಾರದ್ದು ಗುಂಪಿನಲ್ಲಿ ಕಳೆದುಹೋಗುತ್ತದೆ?

ಇಷ್ಟೆಲ್ಲ ನೋಡಿದ ಮೇಲೆ ಜಾಹೀರಾತು ದಾರಿ ತಪ್ಪಿಸುತ್ತಿದೆ ಎನ್ನಿಸಿದರೆ ಸುಮ್ಮನಿರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಮಾರ್ಗಸೂಚಿಯಲ್ಲಿ ನಮಗೆ ನೇರವಾಗಿ ಬೇಕಾಗುವ ಒಂದು ಮಾತಿದೆ: ಜಾಹೀರಾತು ಯಾವ ಭಾಷೆಯಲ್ಲಿ ಭರವಸೆ ಕೊಡುತ್ತದೋ ಅದರ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ದೊಡ್ಡದಾಗಿ ಆಸೆ ತೋರಿಸಿ ಕೆಳಗೆ ಇಂಗ್ಲಿಷಿನಲ್ಲಿ ಷರತ್ತು ಹಾಕಿದ್ದರೆ ಅದು ನಿಯಮಕ್ಕೆ ವಿರುದ್ಧ. ಫೋಟೊ ತೆಗೆದಿಟ್ಟುಕೊಳ್ಳಿ, ಎಲ್ಲಿ ಯಾವಾಗ ನೋಡಿದಿರಿ ಎಂದು ಬರೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.